ಹೊತ್ತು ಮುಳುಗಿದ ಮೇಲೆ

ನಮ್ಮ ಹಳೆಯ ಕೋಟೆಕೊತ್ತಲಗಳ ಬಾಗಿಲಲ್ಲಿ ನೀಲಿಬಣ್ಣದ ಹಲಗೆಯೊಂದು ನಿಂತಿರುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಇದು ಸಂರಕ್ಷಿತ ಸ್ಮಾರಕ, ಇದನ್ನು ಕೆಡಿಸಿದವರಿಗೆ ಇಂತಿಷ್ಟು ಸೆರೆ, ಇಂತಿಷ್ಟು ದಂಡ ಎಂದು ಅದರ ಮೇಲೆ ಬರೆದಿರುತ್ತದೆ. ಓದುವವರು ಕಡಮೆ; ಅದಕ್ಕೆ ಒರಗಿ ನಿಂತು ಚಿತ್ರ ತೆಗೆಸಿಕೊಳ್ಳುವವರೇ ಹೆಚ್ಚು. 1958ರ ಪ್ರಾಚೀನ ಸ್ಮಾರಕಗಳ ಕಾನೂನು, ಅದರ ಬೆನ್ನಿಗೇ ಬಂದ 1959ರ ನಿಯಮಗಳು, ಇವುಗಳ ಬಲ ಆ ಹಲಗೆಗಿದೆ. ಆ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದುಂಟು. ಬೇರೆ ವೇಳೆಯನ್ನು ಗೊತ್ತುಮಾಡಿರದ ಸ್ಮಾರಕಗಳೆಲ್ಲ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರತಕ್ಕದ್ದು ಎಂದು ಅಲ್ಲಿ ಹೇಳಿದೆ. ಗಡಿಯಾರದ ಮಾತಿಲ್ಲ. ಸರ್ಕಾರದ ಕಾಗದವೊಂದು ಸೂರ್ಯನನ್ನು ಕೇಳಿ ನಡೆಯುವುದು ಅಪರೂಪವಷ್ಟೆ. ನಮ್ಮ ಹಳ್ಳಿಯ ಮುದುಕರಿಗೆ ಇದಕ್ಕಿಂತ ಚೆನ್ನಾಗಿ ತಿಳಿಯುವ ನಿಯಮ ಇನ್ನೊಂದಿರಲಾರದು.

ಹೊತ್ತು ಮುಳುಗಿತು, ಬಾಗಿಲು ಹಾಕಿದರು. ಇನ್ನು ಒಳಗೆ ಹೋಗಕೂಡದು. ಸರಿ. ಆದರೆ ಒಬ್ಬ ಮನುಷ್ಯ ಒಂದು ಕಲ್ಲನ್ನೂ ಅಲುಗಿಸದೆ, ಗೋಡೆಯ ಮೇಲೆ ತನ್ನ ಹೆಸರನ್ನಾಗಲಿ ತನ್ನ ಪ್ರೇಯಸಿಯ ಹೆಸರನ್ನಾಗಲಿ ಕೆತ್ತದೆ, ಬೆಳುದಿಂಗಳಲ್ಲಿ ಎರಡು ಗಳಿಗೆ ಸುಮ್ಮನೆ ಕುಳಿತು ಇಳಿದುಬಂದರೆ ಆತ ಮಾಡಿದ ತಪ್ಪೇನು? ಕಾನೂನಿನ ತಪ್ಪು ಹೌದು. ಅದನ್ನು ವಕೀಲರಿಗೆ ಬಿಡೋಣ. ನಾನು ಕೇಳುವುದು ಬೇರೆ. ಯಾರಿಗೂ ನೋವಾಗದ ಕಡೆ, ಏನೂ ಕೆಡದ ಕಡೆ, ತಪ್ಪೆಂಬುದು ಎಲ್ಲಿ ನೆಲೆಯಾಗಿರುತ್ತದೆ?

ಈ ಪ್ರಶ್ನೆ ನನ್ನ ತಲೆಗೆ ತಾನಾಗಿ ಬಂದುದಲ್ಲ. ನನ್ನ ಹಳೆಯ ಸಹಪಾಠಿಯೊಬ್ಬ ತಂದುಹಾಕಿದ್ದು. ಬಯಲುಸೀಮೆಯ ಒಂದು ಊರಿನಲ್ಲಿ ಆತ ಬ್ಯಾಂಕಿನ ಅಧಿಕಾರಿ. ಆ ಊರಿಗೊಂದು ಬೆಟ್ಟ, ಬೆಟ್ಟಕ್ಕೊಂದು ಕೋಟೆ. ಕೋಟೆಯ ಹೆಸರನ್ನು ನಾನು ಹೇಳುವುದಿಲ್ಲ. ಏಕೆಂಬುದು ಮುಂದೆ ತಿಳಿದೀತು. ಹುಣ್ಣಿಮೆಗೆ ನಾಲ್ಕು ದಿನವಿರುವಾಗ ದೂರವಾಣಿಯಲ್ಲಿ ಕರೆದ. “ಶನಿವಾರ ಬಂದುಬಿಡಯ್ಯ, ರಾತ್ರಿ ಕೋಟೆಗೆ ಹೋಗೋಣ. ಹಗಲು ಹೊತ್ತು ಅದು ಕೋಟೆಯಲ್ಲ, ಸಂತೆ. ಕಾವಲಿನವನು ನನಗೆ ಗೊತ್ತು. ಇನ್ನೂರು ರೂಪಾಯಿ ಕೈಗಿಟ್ಟರೆ ಆ ಕಡೆ ತಿರುಗಿಕೊಳ್ಳುತ್ತಾನೆ” ಎಂದ. ನಾನು ಅನುಮಾನಿಸಿದೆ. “ನಾವೇನು ಕದಿಯುತ್ತೇವೆಯೆ, ಕೆಡವುತ್ತೇವೆಯೆ? ಕೋಟೆ ಕಟ್ಟಿದವರು ನಮ್ಮ ಹಿರಿಯರು, ಇಲಾಖೆ ನಿನ್ನೆ ಮೊನ್ನೆ ಬಂದದ್ದು. ಪ್ರೀತಿಯಿಲ್ಲದ ಸಾವಿರ ಜನ ಹಗಲೆಲ್ಲ ತುಳಿದಾಡಬಹುದಂತೆ. ಪ್ರೀತಿಯಿರುವ ನಾವಿಬ್ಬರು ರಾತ್ರಿ ಒಂದು ಗಳಿಗೆ ಕೂರಬಾರದಂತೆ! ಇದು ಯಾವ ನ್ಯಾಯ?” ಎಂದು ನನ್ನನ್ನೇ ಗದರಿಸಿದ.

ನಾನು ಹೋಗಲಿಲ್ಲ. ಆಸೆಯಿಲ್ಲದುದಕ್ಕಲ್ಲ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಬೆಟ್ಟದ ಮೇಲೆ ಒಂದು ಸಂಜೆಯನ್ನು ಕಳೆದಿದ್ದೇನೆ. ಶಾಲೆಯ ಮಕ್ಕಳ ಸಾಲುಗಳು ಇಳಿದುಹೋಗಿದ್ದವು. ಏಕನಾಥೇಶ್ವರಿಯ ಗುಡಿಯನ್ನು ದಾಟಿ, ಗೋಪಾಲಸ್ವಾಮಿ ಹೊಂಡದ ಕಡೆ ಹೋಗುವ ದಾರಿಯ ಬದಿಯಲ್ಲಿ ಒಂದು ಬಂಡೆಗೆ ಬೆನ್ನು ಕೊಟ್ಟು ಕುಳಿತಿದ್ದೆ. ಹಗಲೆಲ್ಲ ಬಿಸಿಲು ಕುಡಿದ ಬಂಡೆ. ಗಾಳಿ ತಣ್ಣಗಾಗಿದ್ದರೂ ಬೆನ್ನಿಗೆ ಅದು ಇನ್ನೂ ಬೆಚ್ಚಗಿತ್ತು, ಜ್ವರ ಬಿಡುತ್ತಿರುವ ಮಗುವಿನ ಮೈಯ ಹಾಗೆ. ಹೊಂಡದ ಕಡೆಯಿಂದ ಒಂದೊಂದೇ ಕಪ್ಪೆ ದನಿ ತೆಗೆಯಿತು. ದೂರದ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಕಣ್ಣು ಮಿಟುಕಿಸತೊಡಗಿದವು. ಆಗ ಕೆಳಗಿನಿಂದ ಕಾವಲಿನವರ ಸೀಟಿ ಕೇಳಿಸಿತು. ಎದ್ದು ಇಳಿದುಬಂದೆ. ಇನ್ನೊಂದು ಅರ್ಧ ಗಂಟೆ ನನ್ನನ್ನು ಅಲ್ಲಿ ಬಿಟ್ಟಿದ್ದರೆ ಆ ಕಲ್ಲುಗಳು ಏನನ್ನೋ ಹೇಳುತ್ತಿದ್ದವು ಎಂಬ ಭ್ರಮೆ ಇಂದಿಗೂ ನನಗಿದೆ. ಭ್ರಮೆಯೇ ಇರಬಹುದು, ಆದರೆ ಅದರ ಸೆಳೆತ ಸುಳ್ಳಲ್ಲ. ಆದುದರಿಂದ ಮಿತ್ರನ ಮಾತನ್ನು ಹಗುರವೆಂದು ತಳ್ಳಿಹಾಕುವ ಅಧಿಕಾರ ನನಗಿಲ್ಲ.

ಇಂತಹ ಪ್ರಶ್ನೆ ಬಂದಾಗ ಕನ್ನಡಿಗರಿಗೆ ಕನಕದಾಸರ ಬಾಳೆಹಣ್ಣು ನೆನಪಾಗದೆ ಇರದು. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಯಾರೂ ಇಲ್ಲದ ಕಡೆ ತಿಂದು ಬನ್ನಿರೆಂದರಂತೆ. ಉಳಿದವರು ಮೂಲೆ ಮುಡುಕು ಹುಡುಕಿ ತಿಂದು ಬಂದರು. ಕನಕದಾಸರು ಹಣ್ಣನ್ನು ಹಾಗೆಯೇ ಹಿಡಿದು ತಂದರು. ದೇವರಿಲ್ಲದ ಸ್ಥಳ ಅವರಿಗೆ ಸಿಕ್ಕಲಿಲ್ಲ. ಕಥೆ ಬಹಳ ಚೆಲುವಾದದ್ದು. ಆದರೆ ನಮ್ಮ ಪ್ರಶ್ನೆಗೆ ಇದು ಉತ್ತರವಲ್ಲ ಎಂದು ನನಗೆ ತೋರುತ್ತದೆ. ನನ್ನ ಮಿತ್ರ ದೇವರ ಕಣ್ಣಿಗೆ ಅಂಜುವವನಲ್ಲ. ಬೆಳುದಿಂಗಳಲ್ಲಿ ಕುಳಿತುದನ್ನು ದೇವರು ನೋಡಿದರೆ ನೋಡಲಿ, ಸಂತೋಷಪಟ್ಟಾನು ಎಂದೇ ಅವನ ನಂಬಿಕೆ. ನೋಡುವವನಿದ್ದಾನೆ ಎನ್ನುವುದರಿಂದ, ನೋಡಬಾರದ್ದನ್ನು ಮಾಡಿದೆವು ಎಂದು ಸಿದ್ಧವಾಗುವುದಿಲ್ಲ.

ಆದರೆ ಅದೇ ವ್ಯಾಸರಾಯರ ವಿಷಯದಲ್ಲಿ ಈಚೆಗೆ ನಡೆದ ಘಟನೆಯೊಂದು ಈ ಕಥೆಗೆ ಕಹಿಯಾದ ಬಾಲವನ್ನು ಸೇರಿಸಿದೆ. 1539ರಲ್ಲಿ ಅವರು ಬೃಂದಾವನಸ್ಥರಾದರು. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ, ನವಬೃಂದಾವನವೆಂಬ ಸ್ಥಳದಲ್ಲಿ ಅವರ ಬೃಂದಾವನವಿದೆ. 2019ರ ಜುಲೈ ತಿಂಗಳ ಒಂದು ರಾತ್ರಿ ಕೆಲವರು ಹೊಳೆ ದಾಟಿಹೋಗಿ, ಒಳಗೆ ನಿಧಿಯುಂಟೆಂದು ನಂಬಿ ಅದನ್ನು ಅಗೆದು ಒಡೆದುಹಾಕಿದರು. ಯಾರೂ ಇಲ್ಲದ ಕಡೆ ಹಣ್ಣು ತಿನ್ನಿರೆಂದು ಹೇಳಿದವರ ಸಮಾಧಿಯನ್ನೇ ಯಾರೂ ಇಲ್ಲದ ಹೊತ್ತು ನೋಡಿ ಒಡೆದಂತಾಯಿತು. ಭಕ್ತರು ಒಂದೆರಡು ದಿನಗಳೊಳಗೆ ಬೃಂದಾವನವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಆರೋಪಿಗಳೂ ಬೇಗನೆ ಸಿಕ್ಕಿಬಿದ್ದರು. ನಮ್ಮ ನಾಡಿನಲ್ಲಿ ನಿಧಿಗಳ್ಳರ ಹಾವಳಿ ಹೊಸದಲ್ಲ. ಪಾಳುಗುಡಿಯ ಪೀಠದ ಕೆಳಗೆ, ಕೋಟೆಯ ಬುರುಜಿನ ಮಗ್ಗುಲಲ್ಲಿ, ಬಸವಣ್ಣನ ಹೊಟ್ಟೆಯಲ್ಲಿ ಸಹ ಹೊನ್ನನ್ನು ಹುಡುಕಿದವರಿದ್ದಾರೆ. ಅವರ ವೇಳೆ ರಾತ್ರಿ. ಕೈಯಲ್ಲಿ ಟಾರ್ಚು. ಜೊತೆಗೆ ಒಬ್ಬಿಬ್ಬರು ಗೆಳೆಯರು. ಮೆಟ್ಟಿಲಿನ ಬುಡದಲ್ಲಿ ಕತ್ತಲೆಯಲ್ಲಿ ನಿಂತು ನೋಡುವವನಿಗೆ ಕಾವ್ಯಪ್ರಿಯನಾದ ನನ್ನ ಮಿತ್ರನಿಗೂ ಅವರಿಗೂ ಏನು ವ್ಯತ್ಯಾಸ ಕಾಣಬೇಕು? ಮನಸ್ಸಿನೊಳಗಿನ ಪ್ರೀತಿಗೆ ಟಾರ್ಚಿನ ಬೆಳಕು ಬೀಳುವುದಿಲ್ಲ.

ಇದನ್ನು ಅವನಿಗೆ ಹೇಳಿದಾಗ ಅವನು ಹಂಪಿಯನ್ನು ನನ್ನ ಮುಂದೆ ತಂದಿಟ್ಟ. ಅಲ್ಲಿ ಕೆಲವು ಯುವಕರು ಒಂದು ಕಲ್ಲುಕಂಬವನ್ನು ನೂಕಿ ಬೀಳಿಸಿ ನಗುತ್ತಿದ್ದ ಚಿತ್ರ 2019ರ ಫೆಬ್ರವರಿಯಲ್ಲಿ ದೇಶಕ್ಕೆಲ್ಲ ಹರಡಿತ್ತಷ್ಟೆ. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. “ಅದು ನಡೆದದ್ದು ಹಾಡಹಗಲಲ್ಲಿ. ಹಾಗಾದರೆ ಹಗಲನ್ನೂ ಮುಚ್ಚಿಬಿಡೋಣವೆ?” ಎಂದ. ಮಾತು ಸರಿಯೇ. ಕೆಡಿಸುವವನಿಗೆ ಮುಹೂರ್ತದ ಹಂಗಿಲ್ಲ. ಶಿಕ್ಷೆಯ ರೀತಿ ಮಾತ್ರ ನನಗೆ ಬಹಳ ಮೆಚ್ಚಿಕೆಯಾಯಿತೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಒಂದು ಕಂಬದ ಭಾರವೆಷ್ಟೆಂಬುದನ್ನು ತೋಳಿಗೆ ತಿಳಿಸುವ ಶಿಕ್ಷೆ ನಮ್ಮಲ್ಲಿ ಹೆಚ್ಚಿಲ್ಲ.

ಆದುದರಿಂದ ಕೆಡುವುದು, ಕೆಡದಿರುವುದು ಎಂಬ ಲೆಕ್ಕವನ್ನು ಬದಿಗಿಟ್ಟು ನೋಡಬೇಕು. ಪ್ಲೇಟೋವಿನ ಗ್ರಂಥದಲ್ಲಿ ಗೈಜಿಸನ ಉಂಗುರದ ಕಥೆ ಬರುತ್ತದೆ. ತೊಟ್ಟವನು ಯಾರ ಕಣ್ಣಿಗೂ ಕಾಣನು. ಅಂತಹ ಉಂಗುರವಿದ್ದರೆ ಯಾರು ತಾನೆ ನೆಟ್ಟಗಿದ್ದಾರು ಎಂಬುದು ಅಲ್ಲಿನ ಪ್ರಶ್ನೆ. ಕನಕದಾಸರ ಹಣ್ಣಿನಂತೆ ಇದೂ ಕಾಣುವ, ಕಾಣದಿರುವ ವಿಚಾರವೇ. ಆದರೆ ನಮ್ಮ ಪ್ರಸಂಗದಲ್ಲಿ ಕಾಣದಂತೆ ಮಾಡುವ ಉಂಗುರವೆಲ್ಲಿದೆ? ಇನ್ನೂರು ರೂಪಾಯಿ ಇದೆ. ಅದನ್ನು ತೊಟ್ಟುಕೊಳ್ಳುವವನು ನನ್ನ ಮಿತ್ರನಲ್ಲ. ಇನ್ನೊಬ್ಬನ ಕಣ್ಣಿಗೆ ಅದನ್ನು ಕಟ್ಟುತ್ತಾನೆ. “ಯಾರಿಗೂ ತಿಳಿಯುವುದಿಲ್ಲ” ಎಂದು ಅವನು ಹೇಳಿದಾಗ ಆ ‘ಯಾರಿಗೂ’ ಎಂಬುದರಲ್ಲಿ ಕಾವಲಿನವನು ಸೇರಿರಲಿಲ್ಲ. ಅವನಿಗೆ ತಿಳಿಯುತ್ತದೆ. ಎಲ್ಲರಿಗಿಂತ ಮೊದಲು ತಿಳಿಯುವುದು ಅವನಿಗೇ. ಅವನನ್ನು ಲೆಕ್ಕದಿಂದ ಬಿಟ್ಟಾಗಲೇ ನಮ್ಮ ಕೆಲಸ ನಿರಪಾಯವಾಗಿ ಕಾಣುವುದು.

ಕಾವಲಿನವನೆಂದರೆ ಏನು? ಇಂದು ಬಹುಮಟ್ಟಿಗೆ ಗುತ್ತಿಗೆಯ ಮೇಲೆ ದುಡಿಯುವ ಬಡವ. ಕೋಟೆಯ ಚರಿತ್ರೆಯನ್ನು ಅವನಿಗೆ ಯಾರೂ ಪಾಠ ಹೇಳಿರುವುದಿಲ್ಲ. ‘ಹೊತ್ತು ಮುಳುಗಿದ ಮೇಲೆ ಯಾರನ್ನೂ ಬಿಡಬೇಡ’ ಎಂಬ ಒಂದು ಮಾತನ್ನು ಅವನ ಕೈಗೆ ಕೊಟ್ಟಿರುತ್ತಾರೆ. ಅವನ ಉದ್ಯೋಗದ ಮರ್ಯಾದೆಯೆಲ್ಲ ಆ ಒಂದು ಮಾತಿನಲ್ಲಿದೆ. ಆ ಮಾತನ್ನು ನಾವು ಇನ್ನೂರು ರೂಪಾಯಿಗೆ ಕೊಂಡರೆ ಕಲ್ಲಿಗೇನೂ ಆಗುವುದಿಲ್ಲ, ನಿಜ. ಬೆಳಗ್ಗೆ ಅವನು ಮನೆಗೆ ಹೋಗುವಾಗ ಏನನ್ನು ಒಯ್ಯುತ್ತಾನೆ? ದುಡ್ಡು ಅವನಿಗೆ ಬೇಕಾದುದೇ. ಬೇಡವೆನ್ನುವ ಸ್ಥಿತಿಯಲ್ಲಿ ಅವನಿಲ್ಲ. ಬೇಡವೆನ್ನಲಾರದವನ ಮುಂದೆ ನೋಟು ಹಿಡಿಯುವುದನ್ನು ಸ್ನೇಹವೆಂದು ಕರೆಯುವುದು ನಮ್ಮಂತಹವರ ಅಭ್ಯಾಸ. ಹಾಗೂ ಒಂದು ವೇಳೆ ಸಂಗತಿ ಹೊರಬಿದ್ದರೆ ಬ್ಯಾಂಕಿನ ಅಧಿಕಾರಿ ಒಂದು ಕ್ಷಮಾಪಣೆಯ ಕಾಗದ ಬರೆದು ಪಾರಾಗುತ್ತಾನೆ. ಕೆಲಸ ಹೋಗುವುದು ಯಾರದು? ಕೋಟೆಯ ಹೆಸರನ್ನು ನಾನು ಏಕೆ ಹೇಳಲಿಲ್ಲವೆಂಬುದು ಈಗ ತಿಳಿದಿರಬೇಕು.

ಇಲ್ಲಿ ಒನಕೆ ಓಬವ್ವನ ಕಥೆ ನನಗೆ ಹೊಸದಾಗಿ ಕಾಣಿಸುತ್ತದೆ. ಅದನ್ನು ಅರಿಯದ ಕನ್ನಡಿಗರಿಲ್ಲ. ಅರಿಯದವರಿಗೂ 1972ರ ‘ನಾಗರಹಾವು’ ಚಿತ್ರ ಅರಿವು ಮಾಡಿಕೊಟ್ಟಿತು. ಹೈದರಾಲಿಯ ಸೇನೆ ದುರ್ಗವನ್ನು ಮುತ್ತಿದ್ದ ಕಾಲ. ಕಾವಲುಗಾರ ಮುದ್ದ ಹನುಮ ಮನೆಗೆ ಊಟಕ್ಕೆ ಬಂದಿದ್ದಾನೆ. ಹೆಂಡತಿ ನೀರು ತರಲು ಹೋದಾಗ ಬಂಡೆಯ ಕಿಂಡಿಯಿಂದ ಶತ್ರುಗಳು ಒಬ್ಬೊಬ್ಬರಾಗಿ ನುಸುಳಿ ಬರುವುದನ್ನು ಕಂಡು ಒನಕೆ ಹಿಡಿದು ನಿಲ್ಲುತ್ತಾಳೆ. ಓಬವ್ವನ ಕೆಚ್ಚನ್ನು ನಾವು ಹಾಡಿ ಹೊಗಳಿದ್ದೇವೆ, ನ್ಯಾಯವಾಗಿಯೇ. ಆದರೆ ಏಳು ಸುತ್ತಿನ ಕೋಟೆಯ ಕಥೆಯಲ್ಲಿ ಎಲ್ಲವೂ ತಿರುಗುವುದು ಒಬ್ಬ ಕಾವಲುಗಾರನ ಊಟದ ಹೊತ್ತಿನ ಮೇಲೆ ಎಂಬುದನ್ನು ಗಮನಿಸಿ. ಫಿರಂಗಿಗೆ ಜಗ್ಗದ ಗೋಡೆಗಳಿದ್ದವು. ಕಣ್ಣು ಆ ಕಡೆ ತಿರುಗಿದ ಒಂದು ಗಳಿಗೆಯನ್ನು ಶತ್ರುಗಳು ಹುಡುಕಿದರು. ಗಂಡನನ್ನು ಊಟದಿಂದ ಎಬ್ಬಿಸದೆ ಆಕೆ ತಾನೇ ಹೋಗಿ ನಿಂತಳೆನ್ನುತ್ತಾರೆ. ಅವನ ಕಾವಲನ್ನು ಆಕೆ ತನ್ನ ಮೇಲೆ ಹಾಕಿಕೊಂಡಳು. ಇಂದು ಅದೇ ಕಿಂಡಿಯಲ್ಲಿ ನಾವೆಲ್ಲ ಹೊಟ್ಟೆ ಎಳೆದುಕೊಂಡು ನುಸುಳಿ, ಈಚೆ ಬಂದು ನಗುತ್ತೇವೆ. ಆಚೆಯಿಂದ ಈಚೆಗೆ ನುಸುಳುವವರು ಕಥೆಯಲ್ಲಿ ಯಾರ ಕಡೆಯವರಾಗಿದ್ದರೆಂಬುದು ಆ ನಗುವಿನಲ್ಲಿ ಮರೆತುಹೋಗಿರುತ್ತದೆ.

ನನ್ನ ಮಿತ್ರ ಹೋಗಿಬಂದ. ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಅದೇ ಶನಿವಾರ ಹೋದ. ಏನೂ ಆಗಲಿಲ್ಲ. ಹಾವು ಕಡಿಯಲಿಲ್ಲ, ಕಾಲು ಜಾರಲಿಲ್ಲ, ಪೋಲೀಸಿನವರು ಬರಲಿಲ್ಲ. ಮೇಲಿನ ಕೊಳದಲ್ಲಿ ಚಂದ್ರ ಬಿದ್ದುದನ್ನು ಅವನು ವರ್ಣಿಸುವಾಗ ನನಗೆ ಹೊಟ್ಟೆಕಿಚ್ಚೇ ಆಯಿತು. ಕಾವಲಿನವನೂ ಜೊತೆಗೆ ಬಂದು ಕುಳಿತಿದ್ದನಂತೆ; ಬುರುಜಿನ ಒಂದು ಮೂಲೆಯಲ್ಲಿ ಪಿಸುಗುಟ್ಟಿದರೆ ಇನ್ನೊಂದು ಮೂಲೆಗೆ ಕೇಳಿಸುವುದನ್ನು ತೋರಿಸಿಕೊಟ್ಟನಂತೆ; ಹಗಲು ಬಂದವರಿಗೆ ಅದು ಗೊತ್ತೇ ಆಗುವುದಿಲ್ಲವಂತೆ. “ಅವನ ಹೆಸರೇನು?” ಎಂದು ಕೇಳಿದೆ. ಮಿತ್ರನಿಗೆ ತಿಳಿದಿರಲಿಲ್ಲ. “ಗೊತ್ತಿರುವವನು ಎಂದೆಯಲ್ಲ?” ಎಂದೆ. “ಮುಖ ಗೊತ್ತು” ಎಂದ.

ನಾನು ಕನ್ನಡ ಪಾಠ ಹೇಳುವವನು. ಶಬ್ದಗಳನ್ನು ಹಿಡಿದು ಎಳೆಯುವುದು ನನ್ನ ಚಾಳಿ. ‘ದುರ್ಗ’ ಎಂದರೆ ಹೋಗಲು ಕಷ್ಟವಾದದ್ದು ಎಂದರ್ಥ. ಸುಲಭವಾಗಿ ಹೋಗಬಹುದಾದರೆ ಅದು ದುರ್ಗವಲ್ಲ. ಮಿತ್ರನ ವಾದದಲ್ಲಿ ಹಗಲಿನ ಕೋಟೆ ನಿಜವಾದ ಕೋಟೆಯಲ್ಲ, ರಾತ್ರಿಯದೇ ನಿಜವಾದುದು. ಇದನ್ನು ನಾನು ಒಪ್ಪುತ್ತೇನೆ. ಅವನು ಹೇಳಿದ ಕಾರಣಕ್ಕಲ್ಲ. ಹಗಲು ಚೀಟಿ ಕೊಂಡು ಬಂದವರೆಲ್ಲ ಒಳಗೆ ಓಡಾಡುವಾಗ ಅದು ಒಂದು ವಸ್ತುಪ್ರದರ್ಶನ. ಇಳಿಹೊತ್ತಿನಲ್ಲಿ ಸೀಟಿ ಊದಿ, ಎಲ್ಲರನ್ನೂ ಹೊರಗೆ ಕಳುಹಿಸಿ, ಬಾಗಿಲಿಗೆ ಬೀಗ ಹಾಕಿ, ಒಬ್ಬ ಮನುಷ್ಯ ಅದರ ಮುಂದೆ ಕುಳಿತನೆಂದರೆ ಆಗ ಅದು ಮತ್ತೆ ಕೋಟೆಯಾಗುತ್ತದೆ. ಕೋಟೆ ಕಟ್ಟಿದ ಪಾಳೆಯಗಾರರೂ ಮಾಡುತ್ತಿದ್ದುದು ಅದನ್ನೇ. ದುರ್ಗ 1779ರಲ್ಲಿ ಹೈದರನ ವಶವಾಯಿತು. ನಾಯಕರು ಹೋದರು, ಫಿರಂಗಿಗಳು ಹೋದವು, ಮದ್ದು ಅರೆಯುತ್ತಿದ್ದ ಕಲ್ಲುಗಳು ಸುಮ್ಮನೆ ಬಿದ್ದಿವೆ. ಹಳೆಯ ಕೆಲಸಗಳಲ್ಲಿ ಇನ್ನೂ ನಡೆಯುತ್ತಿರುವುದು ಒಂದೇ, ಸಂಜೆ ಬಾಗಿಲು ಹಾಕುವುದು. ಕಳ್ಳತನದಿಂದ ಒಳಗೆ ಹೋಗುವವನು ಯಾವುದನ್ನು ನೋಡಲು ಹೋಗುತ್ತಾನೋ ಅದನ್ನೇ ಇಲ್ಲದಂತೆ ಮಾಡಿಕೊಂಡು ನೋಡುತ್ತಾನೆ. ಅದರ ಕತ್ತಲೆಯನ್ನು ಪೂರ್ತಿಯಾಗಿ ಅನುಭವಿಸಬೇಕಾದರೆ ಹೊರಗಡೆ ನಿಲ್ಲಬೇಕು. ದುರ್ಗದ ಹೊರಸುತ್ತುಗಳು ಊರಿನ ನಡುವೆಯೇ ಇವೆ. ರಂಗಯ್ಯನ ಬಾಗಿಲಿನ ಬಳಿ ರಾತ್ರಿ ಎಷ್ಟು ಹೊತ್ತು ಬೇಕಾದರೂ ನಿಂತು ತಲೆಯೆತ್ತಿ ನೋಡಬಹುದು. ಅದಕ್ಕೆ ಚೀಟಿಯೂ ಇಲ್ಲ, ಇನ್ನೂರು ರೂಪಾಯಿಯೂ ಇಲ್ಲ.

ಇಷ್ಟಾದರೂ ಒಂದು ಮುಳ್ಳು ಉಳಿಯುತ್ತದೆ. ನನಗೆ ಹೊತ್ತು ಮುಳುಗಿದರೆ ಮುಚ್ಚುವ ಬಾಗಿಲು ಎಲ್ಲರಿಗೂ ಮುಚ್ಚುವುದೆ? ದೊಡ್ಡವರು ಬಂದರೆ, ದೊಡ್ಡವರ ಅತಿಥಿಗಳು ಬಂದರೆ, ನಮ್ಮ ದೇಶದಲ್ಲಿ ದೇವರ ಗರ್ಭಗುಡಿಯ ಬಾಗಿಲೇ ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುತ್ತದೆ. ಅಂತಹ ಕಡೆ ನಿಯಮವನ್ನು ನಾನೊಬ್ಬನೇ ಹೊರಬೇಕೇಕೆ ಎಂದು ಯಾರಾದರೂ ಕೇಳಿದರೆ ಅದು ಹಗುರಾದ ಪ್ರಶ್ನೆಯಲ್ಲ. ನನಗೆ ತೋರುವ ದಾರಿ ಇದು. ದೊಡ್ಡವರಿಗೆ ತೆರೆಯುವುದಾದರೆ ಎಲ್ಲರಿಗೂ ತೆರೆಯಿರೆಂದು ಹಗಲಿನಲ್ಲಿ, ಬಾಯಿಬಿಟ್ಟು ಕೇಳಬೇಕು. ಆಗದ ಮಾತಲ್ಲ. ತಾಜಮಹಲಿನ ರಾತ್ರಿದರ್ಶನವನ್ನು 1984ರಲ್ಲಿ ಭದ್ರತೆಯ ಕಾರಣದಿಂದ ನಿಲ್ಲಿಸಿದ್ದರು. ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯ ಮೇಲೆ 2004ರಲ್ಲಿ ಮತ್ತೆ ತೆರೆದರು. ಹುಣ್ಣಿಮೆಯ ರಾತ್ರಿ, ಅದರ ಹಿಂದೆ ಎರಡು, ಮುಂದೆ ಎರಡು. ಶುಕ್ರವಾರವೂ ರಂಜಾನ್ ತಿಂಗಳೂ ಇಲ್ಲ. ಐವತ್ತು ಐವತ್ತು ಜನರ ತಂಡ, ರಾತ್ರಿಗೆ 400 ಮಂದಿ, ತಂಡಕ್ಕೆ ಅರ್ಧ ಗಂಟೆ. ತಿರುಪತಿಯ ಸರದಿಯ ಹಾಗಾಯಿತಲ್ಲ, ಇದೂ ಒಂದು ಬೆಳುದಿಂಗಳೆ ಎಂದು ನನ್ನ ಮಿತ್ರ ಮೂಗು ಮುರಿದ. ಮುರಿಯಲಿ. ಸರದಿಯಲ್ಲಿ ನಿಂತು ಪಡೆದ ಅರ್ಧ ಗಂಟೆಯಲ್ಲಿ ಯಾರ ಕಣ್ಣನ್ನೂ ಕೊಂಡಿರುವುದಿಲ್ಲ. ನಮ್ಮ ಒಂದೆರಡು ಕೋಟೆಗಳನ್ನಾದರೂ ಹೀಗೆ ತೆರೆಯಬೇಕೆಂದು ನನ್ನ ಅಭಿಪ್ರಾಯ. ತೆರೆದ ಮೇಲೆ ದೀಪದ ಕಂಬಗಳನ್ನು ನೆಟ್ಟು, ಧ್ವನಿವರ್ಧಕದಲ್ಲಿ ಚರಿತ್ರೆ ಹೇಳಿಸಿ, ರಾತ್ರಿಯನ್ನೇ ಓಡಿಸಿಬಿಡುವ ಅಪಾಯವೂ ಇದೆ. ಅದು ಬೇರೆ ವಿಷಯ.

ಈ ಮಾತುಗಳನ್ನು ನನ್ನ ತರಗತಿಯಲ್ಲಿ ಒಮ್ಮೆ ಚರ್ಚೆಗೆ ಇಟ್ಟಿದ್ದೆ. ಹುಡುಗರು ಎರಡು ಪಕ್ಷವಾಗಿ ಚೆನ್ನಾಗಿಯೇ ಕಾದಾಡಿದರು. ಕೋಟೆ ಎಲ್ಲರದು, ರಾತ್ರಿಯೂ ಎಲ್ಲರದು ಎಂದು ಒಬ್ಬ ಮೇಜು ಗುದ್ದಿದ. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಅಷ್ಟು ಹೊತ್ತೂ ಸುಮ್ಮನಿದ್ದಳು. ನೀನೇನು ಹೇಳುತ್ತೀಯಮ್ಮ ಎಂದೆ. “ಕೋಟೆ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೋ ನಮಗೆ ಗೊತ್ತಿಲ್ಲ ಸಾರ್. ಹಾಸ್ಟೆಲ್ ಬಾಗಿಲು ಏಳು ಗಂಟೆಗೆ ಹಾಕುತ್ತಾರೆ. ಇನ್ನೂರು ರೂಪಾಯಿ ಕೊಟ್ಟರೂ ಕೋಟೆಯ ಕೆಳಗಿನ ರಸ್ತೆಯಲ್ಲಿ ನಾವು ಆ ಹೊತ್ತಿನಲ್ಲಿ ನಡೆಯುವ ಹಾಗಿಲ್ಲ” ಎಂದಳು. ಹುಡುಗರ ಚರ್ಚೆ ಅಲ್ಲಿಗೆ ನಿಂತಿತು. ಮಿತ್ರನೂ ನಾನೂ ಅಷ್ಟು ದಿನ ವಾದಿಸಿದ್ದರಲ್ಲಿ ರಾತ್ರಿ ನಮ್ಮಿಬ್ಬರದೇ ಎಂಬುದನ್ನು ಇಬ್ಬರೂ ಒಪ್ಪಿಕೊಂಡೇ ಮುಂದುವರಿದಿದ್ದೆವು. ಹುಣ್ಣಿಮೆಯ ದಿನ ಕೋಟೆಯನ್ನು ತೆರೆಯಬೇಕೆಂದು ಸಂಬಂಧಪಟ್ಟವರಿಗೆ ಒಂದು ಅರ್ಜಿ ಬರೆದಿಟ್ಟಿದ್ದೆ. ಅದರಲ್ಲಿ ಕೆಳಗಿನ ರಸ್ತೆಗೆ ದೀಪ, ಇಳಿದುಬಂದವರಿಗೆ ರಾತ್ರಿ ಹತ್ತರ ಬಸ್ಸು ಎಂದು ಎರಡು ಸಾಲು ಸೇರಿಸಿ, ಆ ಹುಡುಗಿಯ ಕೈಯಲ್ಲೂ ರುಜು ಹಾಕಿಸಿ ಅಂಚೆಗೆ ಹಾಕಿದ್ದೇನೆ.